ಬಾವಿಯ ಬಾಯಿಯ ಸುತ್ತ

ರೈತ ಬಾಂಧವರೆ, ನಮಸ್ಕಾರ.

ಜಮೀನಿನ ನೀರಿನ ಮಾತು ಬಂದಾಗ ಅದು ಎಷ್ಟಿದೆ ಎಂದು ಎಲ್ಲರೂ ವಿಚಾರಿಸುತ್ತಾರೆ. ಹೇಗಿದೆ ಎಂದು ಕೇಳುವವರು ಕಡಿಮೆ. ಪ್ರಮಾಣದ ಲೆಕ್ಕ ಬೇಡವೆಂದಲ್ಲ. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಸುರಿದರೆ ಸುಮಾರು 1 ಲಕ್ಷ ಲೀಟರ್ ನೀರು ಬಿದ್ದಂತಾಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಉಳುಮೆಯನ್ನೂ ಅಡ್ಡಲಾಗಿಯೇ ಮಾಡಿ, ಮಣ್ಣಿನ ಮೇಲೆ ಬೆಳೆಯ ಉಳಿಕೆಯನ್ನು ಹೊದಿಕೆಯಾಗಿ ಬಿಟ್ಟರೆ ಅದರಲ್ಲಿ ಹೆಚ್ಚಿನ ಪಾಲು ಅಲ್ಲಿಯೇ ಇಂಗುತ್ತದೆ. ಹರಿದುಹೋದರೆ ಮಾತ್ರ ಅದು ಮೇಲ್ಮಣ್ಣನ್ನೂ ಅದಕ್ಕೆ ಅಂಟಿದ ರಂಜಕವನ್ನೂ ಹೊತ್ತು ಕೆರೆ, ಹೊಂಡಗಳನ್ನು ಸೇರಿ, ಪಾಚಿಗೆ ಗೊಬ್ಬರವಾಗುತ್ತದೆ. ಆದ್ದರಿಂದ ಹೊಂಡದ ಅಂಚಿನಲ್ಲಿ ಹುಲ್ಲಿನ ಪಟ್ಟಿಯೊಂದನ್ನು ಉಳುಮೆ ಮಾಡದೆ ಬಿಡಬೇಕು. ದನಗಳನ್ನು ನೀರಿಗಿಳಿಸದೆ ದೂರದಲ್ಲಿ ತೊಟ್ಟಿ ಕಟ್ಟಿ ಕುಡಿಸಬೇಕು.

ನೆಲದಡಿಯ ನೀರಿನ ಅಪಾಯ ಕಣ್ಣಿಗೆ ಬೀಳುವಂಥದ್ದಲ್ಲ. ಬೆಳೆ ಹೀರಿಕೊಳ್ಳದೆ ಉಳಿದ ಸಾರಜನಕವು ನೈಟ್ರೇಟ್ ಆಗಿ ನೀರಿನೊಡನೆ ಕೆಳಗಿಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ, ಬದಲಿಗೆ ಇನ್ನಷ್ಟು ಸಾಂದ್ರವಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ಮುಖ್ಯವಾಗಿ ಎಳೆಯ ಕೂಸುಗಳನ್ನು ಗಮನದಲ್ಲಿರಿಸಿಕೊಂಡು.

ಇದಕ್ಕಿಂತಲೂ ನನಗೆ ಹೆಚ್ಚು ಕಳವಳ ತರುವುದು ಬಾವಿಯ ಬಾಯಿಯ ಬಳಿಯೇ ಆಗುವ ಅಚಾತುರ್ಯ. ಔಷಧಿ ಸಿಂಪಡಿಸುವ ದಿನ ಡ್ರಮ್ಮಿಗೆ ಕೀಟನಾಶಕ ಸುರಿದು, ಪಂಪಿನ ಪೈಪಿನ ತುದಿಯನ್ನು ಅದರೊಳಗೆ ಮುಳುಗಿಸಿ ನೀರು ಬಿಡುವುದು ರೂಢಿ. ಅಷ್ಟರಲ್ಲಿ ವಿದ್ಯುತ್ ಹೋಗಿ ಪಂಪು ನಿಂತಿತೆನ್ನಿ. ಪೈಪಿನಲ್ಲಿದ್ದ ನೀರು ಬಾವಿಯ ಕಡೆಗೆ ಇಳಿಯುತ್ತ ಡ್ರಮ್ಮಿನ ವಿಷವನ್ನೂ ತನ್ನ ಹಿಂದೆ ಎಳೆದುಕೊಂಡು ಹೋಗಬಹುದು. ಪೈಪಿನ ತುದಿಯನ್ನು ಡ್ರಮ್ಮಿನ ಅಂಚಿಗಿಂತ ಒಂದು ಗೇಣು ಮೇಲೆ ಹಿಡಿದರೆ ಈ ಅನಾಹುತ ತಪ್ಪುತ್ತದೆ. ಹನಿ ನೀರಾವರಿಯ ಮೂಲಕ ರಸಗೊಬ್ಬರ ಕೊಡುವವರು ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವನ್ನು ಅಳವಡಿಸಿಕೊಳ್ಳಲೇಬೇಕು, ಅದು ಕೆಲಸ ಮಾಡುತ್ತಿದೆಯೇ ಎಂದು ಆಗಾಗ ನೋಡುತ್ತಲೂ ಇರಬೇಕು.

ಕೊಳವೆಬಾವಿಯ ಕೇಸಿಂಗ್ ಪೈಪು ನೆಲಮಟ್ಟಕ್ಕಿಂತ ಎತ್ತರದಲ್ಲಿದ್ದು, ಮುಚ್ಚಳ ಭದ್ರವಾಗಿದ್ದು, ಸುತ್ತಲಿನ ಸಿಮೆಂಟು ಕಟ್ಟೆ ಹೊರಮುಖವಾಗಿ ಇಳಿಜಾರಾಗಿರಬೇಕು. ತಿಪ್ಪೆ, ಶೌಚಗುಂಡಿಗಳು ಬಾವಿಗಿಂತ ತಗ್ಗಿನಲ್ಲಿ, ಸಾಧ್ಯವಾದಷ್ಟು ದೂರದಲ್ಲಿರಲಿ. ಬತ್ತಿದ ಕೊಳವೆಬಾವಿಯನ್ನು ಹಾಗೆಯೇ ತೆರೆದು ಬಿಡುವುದು ಮಕ್ಕಳ ಪ್ರಾಣಕ್ಕೂ ಎರವು, ಅಂತರ್ಜಲಕ್ಕೂ ಎರವು. ಮಣ್ಣಿನಲ್ಲಿ ಸೋಸಿಕೊಳ್ಳಬೇಕಾದ ಕೊಳೆನೀರು ಅದರ ಮೂಲಕ ನೇರವಾಗಿ ಆಳಕ್ಕೆ ಧುಮುಕುತ್ತದೆ.

ವರ್ಷಕ್ಕೊಮ್ಮೆಯಾದರೂ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ. ಭಾರೀ ಮಳೆಯ ನಂತರ ಮಾಡಿಸುವುದು ಇನ್ನೂ ಒಳ್ಳೆಯದು. ರೋಗಾಣುಗಳ ಪರೀಕ್ಷೆಗಾದರೆ ಪ್ರಯೋಗಾಲಯವೇ ಕೊಡುವ ಶುದ್ಧೀಕರಿಸಿದ ಬಾಟಲಿಯಲ್ಲಿ, ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಟ್ಟ ಬಳಿಕ ನೀರು ಹಿಡಿದು, ತಂಪಾಗಿರಿಸಿ, ಬೇಗನೆ ತಲುಪಿಸಬೇಕು. ಬಂದ ವರದಿಗಳನ್ನು ತಾರೀಖಿನೊಡನೆ ಜೋಡಿಸಿಟ್ಟುಕೊಳ್ಳಿ; ನೈಟ್ರೇಟ್ ಮೆಲ್ಲಮೆಲ್ಲನೆ ಏರುತ್ತಿರುವುದು ಹಲವು ವರ್ಷಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗಲೇ ತಿಳಿಯುತ್ತದೆ.