446 ಹೌದು, 246 ಬೇಡ: ಆದರೂ ಟೊಕೆಲಾವು ಸೋತಿದ್ದು ಹೇಗೆ?

[ತೆರೆಯ ಮೇಲೆ: 446 – 246]

ಒಂದು ಜನಮತಗಣನೆಯಲ್ಲಿ ಇಷ್ಟು ಅಂತರದಿಂದ ಮುಂದಿದ್ದ 'ಹೌದು' ಬಣ ಸೋತಿತು. ಅಕ್ಟೋಬರ್ 2007, ದಕ್ಷಿಣ ಪೆಸಿಫಿಕ್‌ನಲ್ಲಿ ನ್ಯೂಜಿಲೆಂಡ್‌ಗೆ ಸೇರಿದ ಟೊಕೆಲಾವು.

[ನಕ್ಷೆ: ಸಮೋವಾದಿಂದ ಉತ್ತರಕ್ಕೆ]

ಅಟಾಫು, ನುಕುನೋನು, ಫಕಾಓಫೊ: ಮೂರು ಹವಳದ ದ್ವೀಪಗಳು, ಸುಮಾರು 1,500 ಜನ. ವಿಮಾನ ನಿಲ್ದಾಣವಿಲ್ಲ. ಸಮೋವಾದ ರಾಜಧಾನಿ ಅಪಿಯಾದಿಂದ ಒಂದು ದಿನಕ್ಕೂ ಹೆಚ್ಚು ಹೊತ್ತು ಹಡಗಲ್ಲೇ ಬರಬೇಕು. ಬಂದರು ಕೂಡ ಇಲ್ಲದ್ದರಿಂದ ಹಡಗು ಹೊರಗೇ ನಿಲ್ಲುತ್ತದೆ, ಜನರನ್ನೂ ಸಾಮಾನನ್ನೂ ಸಣ್ಣ ದೋಣಿಯಲ್ಲಿ ದಡ ಮುಟ್ಟಿಸುತ್ತಾರೆ. ಹಾಗಾಗಿ ಮತದಾನ ಎಲ್ಲೆಡೆ ಒಂದೇ ದಿನ ನಡೆಯಲಿಲ್ಲ. ಅಪಿಯಾದಲ್ಲಿದ್ದ ಟೊಕೆಲಾವು ಮತದಾರರಿಂದ ಶುರುವಾಗಿ, ಮತಪೆಟ್ಟಿಗೆ ದ್ವೀಪದಿಂದ ದ್ವೀಪಕ್ಕೆ ಸಾಗಿತು. ವಿಶ್ವಸಂಸ್ಥೆಯ ವೀಕ್ಷಕರೂ ಜೊತೆಗಿದ್ದರು.

ಪ್ರಶ್ನೆ ಪೂರ್ಣ ಸ್ವಾತಂತ್ರ್ಯದ್ದಲ್ಲ. ನ್ಯೂಜಿಲೆಂಡ್ ಜೊತೆ ಸಂಬಂಧ ಇಟ್ಟುಕೊಂಡೇ ಸ್ವಯಮಾಡಳಿತ ಬೇಕೇ, ಎಂಬುದು. ಕುಕ್ ದ್ವೀಪಗಳು 1965ರಲ್ಲಿ, ನಿಯುವೆ 1974ರಲ್ಲಿ ಹಿಡಿದ ದಾರಿಯೇ ಇದು. ನ್ಯೂಜಿಲೆಂಡ್ ಪೌರತ್ವ ಉಳಿಯುತ್ತಿತ್ತು, ನೆರವೂ ಮುಂದುವರಿಯುತ್ತಿತ್ತು.

ತೊಡಕಿದ್ದದ್ದು ನಿಯಮದಲ್ಲಿ. ಟೊಕೆಲಾವಿನ ಶಾಸನಸಭೆ ಜನರಲ್ ಫೋನೊ ಮೂರನೇ ಎರಡರಷ್ಟು ಬೆಂಬಲ ಬೇಕೆಂದು ಗೊತ್ತುಮಾಡಿತ್ತು.

[ತೆರೆಯ ಮೇಲೆ: 692 × 2 ÷ 3 = 461.33]

ಸಿಂಧು ಮತ 692, ಬೇಕಾದದ್ದು 462. ಬಿದ್ದದ್ದು 446, ಶೇಕಡಾ 64.45. ಬರೀ 16 ಕಡಿಮೆ!

ಈ 16 ಅನ್ನುವ ಲೆಕ್ಕವನ್ನು ಸ್ವಲ್ಪ ಹುಷಾರಾಗಿ ಓದಬೇಕು. 'ಬೇಡ' ಎಂದ 16 ಜನ ಮನಸ್ಸು ಬದಲಿಸಿದ್ದರೆ ಮಾತ್ರ ಅದು ಸಾಕಾಗುತ್ತಿತ್ತು. ಹೊಸ ಮತದಾರರನ್ನು ಕರೆತಂದು ಗೆಲ್ಲಬೇಕೆಂದರೆ ಒಂದು 'ಬೇಡ'ಕ್ಕೆ ಎರಡು 'ಹೌದು' ಬೇಕು: 246ಕ್ಕೆ 492. ಅಂದರೆ ಇನ್ನೂ 46 ಮತ. ಮೂರನೇ ಎರಡರ ನಿಯಮದಲ್ಲಿ 'ಬೇಡ' ಎಂಬುದರ ತೂಕ ದುಪ್ಪಟ್ಟು.

ಇದು ಎರಡನೇ ಯತ್ನ. ಫೆಬ್ರವರಿ 2006ರಲ್ಲಿ 349 ಹೌದು, 232 ಬೇಡ. ಶೇಕಡಾ 60ರ ಆಸುಪಾಸು. ಇಪ್ಪತ್ತು ತಿಂಗಳಲ್ಲಿ 'ಹೌದು' 97 ಏರಿತು, 'ಬೇಡ' ಏರಿದ್ದು 14. ಸರಳ ಬಹುಮತವಿದ್ದಿದ್ದರೆ ಮೊದಲ ಸಲವೇ ಕೆಲಸ ಮುಗಿಯುತ್ತಿತ್ತು.

ಇನ್ನೊಂದು ಸಂಗತಿ: ನ್ಯೂಜಿಲೆಂಡ್‌ನಲ್ಲಿ ನೆಲೆಸಿದ ಟೊಕೆಲಾವು ಮೂಲದವರು ಹಲವು ಸಾವಿರ, ದ್ವೀಪದಲ್ಲಿರುವವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಅವರಿಗೆ ಮತವಿರಲಿಲ್ಲ. ಆದರೆ ಸಂಬಂಧ ಸಡಿಲವಾದೀತೆಂಬ ಆತಂಕ ಅವರಲ್ಲೂ ಇತ್ತು, ಊರಲ್ಲಿದ್ದ ಬಂಧುಗಳ ಕಿವಿಗೂ ಅದು ಬೀಳುತ್ತಿತ್ತು.

ಹಾಗೆ ನೋಡಿದರೆ ದಿನನಿತ್ಯದ ಆಡಳಿತ ಆಗಲೇ ದ್ವೀಪದವರ ಕೈಯಲ್ಲಿತ್ತು. 1996ರಿಂದ ಜನರಲ್ ಫೋನೊ ತಾನೇ ಕಾನೂನು ಮಾಡುತ್ತಿದೆ. ಹಳ್ಳಿಯ ವ್ಯವಹಾರ ತೌಪುಲೇಗ ಎಂಬ ಹಿರಿಯರ ಮಂಡಳಿಯದು. ಮುಖ್ಯಸ್ಥ ಸ್ಥಾನವೂ ಮೂರು ದ್ವೀಪಗಳ ನಡುವೆ ವರ್ಷಕ್ಕೊಮ್ಮೆ ಸರದಿ ಮೇಲೆ ಸುತ್ತುವ ಪದ್ಧತಿಯಿತ್ತು.

[ತೆರೆಯ ಮೇಲೆ: ಟೊಕೆಲಾವು ಕಾಯ್ದೆ, 1948]

ಕಾಗದದ ಮೇಲೆ ಮಾತ್ರ ಟೊಕೆಲಾವು ಈಗಲೂ ನ್ಯೂಜಿಲೆಂಡ್‌ನ ಭಾಗ, ಇದೇ ಕಾಯ್ದೆಯಡಿ.