ಅಮ್ಮನ್ನೇ ಬಿಟ್ಟು ಮಾಡಿದ ಫ್ಯಾಮಿಲಿ ಸಿಟ್‌ಕಾಮ್: ಆಲ್-ಅಮೆರಿಕನ್ ಗರ್ಲ್

ನಮಸ್ಕಾರ ಎಲ್ರಿಗೂ. ಇವತ್ತು ಬರೀ 19 ಎಪಿಸೋಡ್‌ಗೆ ಮುಗಿದೋದ ಒಂದು ಸಿಟ್‌ಕಾಮ್, ಅಂದ್ರೆ ಟಿವಿ ಕಾಮಿಡಿ ಧಾರಾವಾಹಿ ಬಗ್ಗೆ ಮಾತಾಡೋಣ. ಹೆಸ್ರು ಆಲ್-ಅಮೆರಿಕನ್ ಗರ್ಲ್, ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 1994ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 1995ರ ಮಾರ್ಚ್‌ಗೆ ನಿಂತೋಯ್ತು.

ಆಗ ಅಮೆರಿಕದಲ್ಲಿ ಸ್ಟ್ಯಾಂಡಪ್ ಕಾಮಿಡಿಯನ್‌ಗಳನ್ನ ಕರ್ಕೊಂಡ್ ಬಂದು, ಅವ್ರ ಸ್ಟೇಜ್ ಮಾತನ್ನೇ ಸಿಟ್‌ಕಾಮ್ ಮಾಡೋ ಟ್ರೆಂಡ್ ಜೋರಾಗಿತ್ತು. ರೋಸ್ಯಾನ್, ಟಿಮ್ ಆಲೆನ್ ಇಬ್ರ ಶೋನೂ ಇದೇ ಎಬಿಸಿಲಿ ಸಖತ್ ಹಿಟ್. ಹಾಗೇ ಈ ಶೋನ ಹೀರೋಯಿನ್ ಆಗಿ ಸ್ಟ್ಯಾಂಡಪ್ ಕಾಮಿಡಿಯನ್ ಮಾರ್ಗರೆಟ್ ಚೋ ಬಂದ್ರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿ ಬೆಳೆದ ಕೊರಿಯನ್ ಹುಡುಗಿ, ಅಪ್ಪ ಅಮ್ಮಂದು ಪುಸ್ತಕದಂಗಡಿ, ಮತ್ತೆ ಇವ್ರ ಕಾಮಿಡಿಯ ಜೀವಾನೇ ಅವ್ರಮ್ಮ. ಮುಖ ಗಂಟು ಹಾಕ್ಕೊಂಡು, ಕೊರಿಯನ್ ಎಳೆತದ ಇಂಗ್ಲಿಷ್‌ನಲ್ಲಿ ಅಮ್ಮ ಆಗಿ ಮಾತಾಡೋಕೆ ಶುರು ಮಾಡಿದ್ರೆ ಸಾಕು, ಜನ ಬಿದ್ದು ಬಿದ್ದು ನಗ್ತಾರೆ, ಆದ್ರೆ ಆ ಅಮ್ಮನ ಮೇಲೆ ಪ್ರೀತೀನೂ ಬರುತ್ತೆ.

ಶೋನಲ್ಲಿ ಪುಸ್ತಕದಂಗಡಿ ಇಟ್ರು, ಆ ಅಮ್ಮನ್ನ ಇಡ್ಲಿಲ್ಲ. ಬಂದಿದ್ದು ಮಗಳ ಬಾಯ್‌ಫ್ರೆಂಡ್ ಬಿಳಿಯ ಅಂತ ಸಿಡುಕೋ ಸ್ಟ್ರಿಕ್ಟ್ ತಾಯಿ, ಹೊರಗಿನವ್ರು ಊಹೆ ಮಾಡ್ಕೊಂಡ ಏಷ್ಯನ್ ತಾಯಿ. ಮುಖ್ಯ ಪಾತ್ರದವ್ರಲ್ಲಿ ಕೊರಿಯನ್ ಮೂಲದವ್ರು ಚೋ ಒಬ್ರೇ. ಟಿವಿ ಹುಚ್ಚಿನ ಅಜ್ಜಿಯಾಗಿ ಏಮಿ ಹಿಲ್ ಮಾತ್ರ ಅದ್ಭುತ, ನನ್ ಪ್ರಕಾರ ಇಡೀ ಶೋನಲ್ಲಿ ಉಸಿರಾಡೋ ಪಾತ್ರ ಅದೊಂದೇ.

ಇನ್ನು ತೆರೆ ಹಿಂದೆ ಆಗಿದ್ದು ಕೇಳಿದ್ರೆ ಹೊಟ್ಟೆ ಉರಿಯುತ್ತೆ. ಮುಖ ತುಂಬಾ ದುಂಡಗಿದೆ ಅಂತ ಚಾನೆಲ್‌ನವ್ರು ತಕರಾರು ತೆಗೆದ್ರಂತೆ, ಚೋ ಎರಡೇ ವಾರದಲ್ಲಿ ಹತ್ತತ್ರ 13 ಕೆಜಿ ಇಳಿಸಿ ಕಿಡ್ನಿ ಕೆಟ್ಟು ಆಸ್ಪತ್ರೆ ಸೇರಿದ್ರು, ಇದನ್ನ ಅವ್ರೇ ಆಮೇಲೆ ಸ್ಟೇಜ್ ಮೇಲೆ ಹೇಳ್ಕೊಂಡಿದಾರೆ. ಏಷ್ಯನ್ ಥರ ಇರೋದು ಹೇಗೆ ಅಂತ ಹೇಳ್ಕೊಡೋಕೆ ಒಬ್ರು ಕನ್ಸಲ್ಟೆಂಟ್ ಬೇರೆ, ಅದೂ ಆ ಮನೇಲೇ ಬೆಳೆದ ಹುಡುಗಿಗೆ!

ಕೊನೇ ಎಪಿಸೋಡ್ ನೋಡಿ, ಅಪ್ಪ ಇಲ್ಲ, ಅಮ್ಮ ಇಲ್ಲ, ತಮ್ಮ ಇಲ್ಲ. ಮಾರ್ಗರೆಟ್ ಒಂದಷ್ಟು ಹುಡುಗರ ಜೊತೆ ಬೇರೆ ಮನೇಲಿದಾಳೆ, ಹಳೇ ಮನೆಯಿಂದ ಉಳಿದಿರೋದು ಅಜ್ಜಿ ಒಬ್ರೇ. ಇದಾದ್ಮೇಲೆ ಅಮೆರಿಕದ ದೊಡ್ಡ ಚಾನೆಲ್‌ಗಳಲ್ಲಿ ಏಷ್ಯನ್ ಕುಟುಂಬದ ಇನ್ನೊಂದು ಸಿಟ್‌ಕಾಮ್ ಬರೋಕೆ 20 ವರ್ಷ ಬೇಕಾಯ್ತು, 2015ರಲ್ಲಿ ಫ್ರೆಶ್ ಆಫ್ ದ ಬೋಟ್, ಅದೂ ಎಬಿಸಿಲೇ.

ಚೋ ಮಾತ್ರ ಅಷ್ಟು ವರ್ಷ ಕಾಯ್ಲಿಲ್ಲ. 1999ರಲ್ಲಿ ಒಬ್ರೇ ಸ್ಟೇಜ್ ಹತ್ತಿ ಈ ಕಥೆಯೆಲ್ಲ ಹೇಳಿದ್ರು, ಜೊತೆಗೆ ಅಮ್ಮನ್ನೂ ವಾಪಸ್ ಕರ್ಕೊಂಡ್ ಬಂದ್ರು. ಮಗಳ ಆನ್ಸರಿಂಗ್ ಮಷೀನ್‌ಗೆ ಮೆಸೇಜ್ ಮೇಲೆ ಮೆಸೇಜ್ ಬಿಡ್ತಾ, ಫೋನ್ ಎತ್ತು ಫೋನ್ ಎತ್ತು ಅಂತ ಗೋಗರೀತಿರೋ ಅದೇ ಅಮ್ಮ.