ನೊಜಾವಾದಲ್ಲಿ ಮೊದಲು ಬಿಸಿನೀರು, ಆಮೇಲೆ ಹಿಮ

ನಮಸ್ಕಾರ. ಜಪಾನಿಗೆ ಸ್ಕೀ ಆಡೋಕೆ ಬರ್ತೀವಿ ಅಂತ ಊರಿನಿಂದ ಯಾರಾದರೂ ಫೋನ್ ಮಾಡಿದರೆ, ನಾನು ಮೊದಲು ಕೇಳುವುದು ಒಂದೇ: "ಸುಡೋ ನೀರಿಗೆ ಇಳಿಯೋ ಧೈರ್ಯ ಇದೆಯಾ?" ನಾನಿರುವುದು ನೊಜಾವಾ ಒನ್‌ಸೆನ್‌ನಲ್ಲಿ, ನಾಗಾನೋ ಪ್ರಾಂತ್ಯದ ಒಂದು ಹಳ್ಳಿ. ಒನ್‌ಸೆನ್ ಅಂದರೆ ಬಿಸಿನೀರಿನ ಬುಗ್ಗೆ. ಇಲ್ಲಿ ಸ್ಕೀ ಕ್ಲಬ್ ಶುರುವಾದದ್ದು 1923ರಲ್ಲಿ. ಬಿಸಿನೀರು ಅದಕ್ಕಿಂತ ಎಷ್ಟೋ ಹಳೆಯದು.

ಬರುವ ದಾರಿ ಸುಲಭ. ಟೋಕಿಯೊದಿಂದ ಹೊಕುರಿಕು ಶಿಂಕಾನ್‌ಸೆನ್ (ಬುಲೆಟ್ ರೈಲು) ಹಿಡಿದು ಈಯಾಮಾದಲ್ಲಿ ಇಳಿಯಿರಿ. ಆದರೆ ಬೇಗ ಹೋಗುತ್ತೆ ಅಂತ ಕಾಗಾಯಾಕಿ ರೈಲು ಹತ್ತಬೇಡಿ, ಅದು ಈಯಾಮಾದಲ್ಲಿ ನಿಲ್ಲುವುದಿಲ್ಲ. ಹಾಕುತಾಕಾ ನೋಡಿಕೊಂಡು ಹತ್ತಿ. ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯೂ ಇಲ್ಲ. ದೊಡ್ಡ ಸೂಟ್‌ಕೇಸನ್ನು ವಿಮಾನ ನಿಲ್ದಾಣದಿಂದಲೇ ಕೊರಿಯರ್ ಮಾಡಿಬಿಡಿ, ಆಮೇಲೆ ರೂಮಿಗೆ ಬರುತ್ತೆ. ಇಲ್ಲಿನ ಓಣಿಗಳು ಇಕ್ಕಟ್ಟು, ಏರು ಬೇರೆ. ಹಿಮದಲ್ಲಿ ಆ ಪೆಟ್ಟಿಗೆ ಎಳೆಯುವವರನ್ನು ನೋಡಿದರೆ ಪಾಪ ಅನಿಸುತ್ತೆ.

ಹಿಮದ ವಿಷಯ. ಸೈಬೀರಿಯಾದ ಚಳಿಗಾಳಿ ಜಪಾನ್ ಸಮುದ್ರ ದಾಟುವಾಗ ತೇವ ಹೀರಿಕೊಂಡು ಬಂದು ನಮ್ಮ ಬೆಟ್ಟಕ್ಕೆ ಡಿಕ್ಕಿ ಹೊಡೆಯುತ್ತದೆ. ಹೊತ್ತು ತಂದದ್ದನ್ನೆಲ್ಲ ಇಲ್ಲೇ ಸುರಿದುಬಿಡುತ್ತದೆ. ಕೆನಾಶಿ ಬೆಟ್ಟದ ತುದಿ 1650 ಮೀಟರ್. ಹಳ್ಳಿ ಇರುವುದು ಅದಕ್ಕಿಂತ ಸಾವಿರ ಮೀಟರಿಗೂ ಜಾಸ್ತಿ ಕೆಳಗೆ. ಹಾಗಾಗಿ ಮೇಲೆ ಯಾಮಾಬಿಕೊ ಅನ್ನುವ ಇಳಿಜಾರಿನಲ್ಲಿ ಹಿಮ ಹಿಟ್ಟಿನ ಹಾಗೆ ಹಗುರ ಇದ್ದರೆ, ಮಧ್ಯಾಹ್ನದ ಹೊತ್ತಿಗೆ ಕೆಳಗೆ ಅದು ನೆನೆದು ಭಾರವಾಗಿರುತ್ತೆ. ಬೆಳಿಗ್ಗೆ ಮೊದಲ ಗೊಂಡೋಲಾ, ಅಂದರೆ ತಂತಿಯ ಮೇಲೆ ಹೋಗುವ ಡಬ್ಬಿ, ಅದಕ್ಕೇ ಹತ್ತಿ. ಸಂಜೆ ಕಾಲು ಸೋತಿದ್ದರೆ ಅದರಲ್ಲೇ ಕೂತು ಇಳಿಯಿರಿ, ಯಾರೂ ನಗುವುದಿಲ್ಲ. ಹೊಸಬರಿಗೆ ಉಎನೊತಾಯಿರಾ ಅನ್ನುವ ಜಾಗ ಒಳ್ಳೆಯದು, ಅಗಲ, ಸಪಾಟು. ಸ್ಕೈಲೈನ್ ಅನ್ನುವ, ಬೆಟ್ಟದ ಏಣಿನ ಮೇಲಿನ ದಾರಿಯ ಫೋಟೋ ನೋಡಿ ಆಸೆಪಟ್ಟು ಹೊಸಬರು ಹೋಗಬೇಡಿ. ಶನಿವಾರ ಭಾನುವಾರ ಬರದಿದ್ದರೆ ಇನ್ನೂ ಒಳ್ಳೆಯದು.

ಈಗ ಬಿಸಿನೀರಿಗೆ ಬರೋಣ. ಹಳ್ಳಿಯಲ್ಲಿ 13 ಸ್ನಾನದ ಮನೆಗಳಿವೆ, ಸೊತೊಯು ಅಂತಾರೆ. ಯಾರು ಬೇಕಾದರೂ ಹೋಗಬಹುದು, ಟಿಕೆಟ್ ಇಲ್ಲ. ಬಾಗಿಲ ಬಳಿ ಕಾಣಿಕೆ ಡಬ್ಬಿ ಇರುತ್ತೆ, ದಯವಿಟ್ಟು ನಾಣ್ಯ ಹಾಕಿ. ಇವು ಸರ್ಕಾರದ್ದಲ್ಲ. ಯುನಾಕಾಮಾ ಅಂತ ಅಕ್ಕಪಕ್ಕದ ಮನೆಯವರ ಕೂಟವಿದೆ, ಅವರೇ ಸರದಿಯಲ್ಲಿ ತೊಳೆದು ನೋಡಿಕೊಳ್ಳುತ್ತಾರೆ. ಅಂದರೆ ನೀವು ಕಾಲಿಡುವುದು ಇನ್ನೊಬ್ಬರ ಬಚ್ಚಲುಮನೆಗೆ.

ನಾನು ಮೊದಲ ದಿನ ಮಾಡಿದ ಎಡವಟ್ಟು ಹೇಳಲಾ? ಓಯು ಅನ್ನುವ ಮರದ ಸ್ನಾನದ ಮನೆಗೆ ಹೋದೆ. ಬಟ್ಟೆ ಬಿಚ್ಚಲು ಬೇರೆ ಕೋಣೆ ಇಲ್ಲ, ತೊಟ್ಟಿಯ ಪಕ್ಕದಲ್ಲೇ ಗೂಡುಗಳು. ಚಳಿಗೆ ನಡುಗುತ್ತಾ ಸೀದಾ ತೊಟ್ಟಿಗೆ ಕಾಲಿಟ್ಟೆ. ಒಬ್ಬ ಅಜ್ಜ ಏನೂ ಬೈಯಲಿಲ್ಲ. ಒಂದು ಚಿಕ್ಕ ಬಕೆಟ್ಟನ್ನು ನನ್ನ ಕಡೆ ತಳ್ಳಿದ, ಅಷ್ಟೇ. ಆ ಬಕೆಟ್ಟಿನಲ್ಲಿ ಬಿಸಿನೀರು ಮೊಗೆದು ಮೊದಲು ಕಾಲಿಗೆ, ಆಮೇಲೆ ಹೆಗಲಿಗೆ ಹುಯ್ದುಕೊಳ್ಳಬೇಕು. ಮೈ ತೊಳೆದ ಹಾಗೂ ಆಯಿತು, ಬಿಸಿಗೆ ಒಗ್ಗಿಸಿಕೊಂಡ ಹಾಗೂ ಆಯಿತು. ಹೌದು, ಎಲ್ಲರೂ ಬೆತ್ತಲೆ. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ. ಟವೆಲ್ ನೀರಿಗೆ ತಾಗಬಾರದು. ತಡೆಯಲಾಗದಷ್ಟು ಸುಟ್ಟರೆ ತಣ್ಣೀರು ಬಿಡಬಹುದು, ಆದರೆ ಒಳಗಿರುವವರನ್ನು ಕೇಳಿ ಬಿಡಿ. ಸುಮ್ನೆ ನಲ್ಲಿ ತಿರುಗಿಸಿದರೆ ಮುಖ ಗಂಟಾಗುತ್ತೆ.

ಓಗಾಮಾ ಅನ್ನುವ ಕಲ್ಲಿನ ತೊಟ್ಟಿಗಳನ್ನೂ ನೋಡಿ, ಹೊರಗಿನಿಂದ ಮಾತ್ರ. ಅಲ್ಲಿ ನೀರು ಸುಮಾರು 90 ಡಿಗ್ರಿ. ಹಳ್ಳಿಯವರು ಸೊಪ್ಪು, ಮೊಟ್ಟೆ ಬೇಯಿಸುತ್ತಾರೆ. ಉಳಿದವರಿಗೆ ಒಳಗೆ ಪ್ರವೇಶವಿಲ್ಲ.

ಜನವರಿ 15ರ ರಾತ್ರಿ ಬೆಂಕಿ ಹಬ್ಬ, ದೋಸೊಜಿನ್. ಮರದ ದೊಡ್ಡ ಅಟ್ಟಣಿಗೆ ಕಟ್ಟಿರುತ್ತಾರೆ. 42 ವಯಸ್ಸಿನವರು ಅದರ ಮೇಲೆ, 25ರ ಹುಡುಗರು ಬುಡದಲ್ಲಿ ಕಾವಲು. ಊರಿನವರು ಪಂಜು ಹಿಡಿದು ನುಗ್ಗಿ ಬೆಂಕಿ ಇಡಲು ನೋಡುತ್ತಾರೆ. ನೋಡಲೇಬೇಕು ಅಂದರೆ ರೂಮು ತಿಂಗಳುಗಟ್ಟಲೆ ಮುಂಚೆ ಹಿಡಿಯಿರಿ. ಹೊಸ ಸ್ಕೀ ಜಾಕೆಟ್ ಮಾತ್ರ ಬೇಡ, ಕಿಡಿ ಬಿದ್ದರೆ ತೂತು.

ಸಸ್ಯಾಹಾರಿಗಳಿಗೆ ಒಂದು ಮಾತು. ಇಲ್ಲಿ ಸಾರು ಅಂದರೆ ದಾಶಿ, ಅದರಲ್ಲಿ ಸಾಮಾನ್ಯವಾಗಿ ಒಣಮೀನು ಇರುತ್ತೆ. "ಮಾಂಸ ಇಲ್ಲ" ಅಂದರೂ ದಾಶಿ ಇರಬಹುದು. ಅದನ್ನೇ ಹೆಸರು ಹಿಡಿದು ಕೇಳಿ. ಸಿಹಿಬೇಳೆ ತುಂಬಿದ ಓಯಾಕಿ ಸಿಕ್ಕರೆ ಬಿಡಬೇಡಿ, ನಮ್ಮ ಹೋಳಿಗೆಯ ದಪ್ಪ ತಮ್ಮ ಅನ್ನಬಹುದು. ಈ ಹಳ್ಳಿಯ ಹೆಸರಿನದ್ದೇ ಸೊಪ್ಪು ನೊಜಾವಾನಾ, ಉಪ್ಪಿನಕಾಯಿ ಮಾಡಿ ಚಹಾ ಜೊತೆ ಕೊಡುತ್ತಾರೆ. ನವೆಂಬರಿನಲ್ಲಿ ಬಂದಿದ್ದರೆ ನೋಡುತ್ತಿದ್ದಿರಿ: ಅದೇ ಸ್ನಾನದ ಮನೆಗಳಲ್ಲಿ, ಅದೇ ಬಿಸಿನೀರಿನಲ್ಲಿ, ಹೆಂಗಸರು ಸೊಂಟದೆತ್ತರ ಸೊಪ್ಪಿನ ರಾಶಿ ಹಾಕಿಕೊಂಡು ತೊಳೆಯುತ್ತಾ ಹರಟುತ್ತಿರುತ್ತಾರೆ.